ಅರಿಸ್ಟಾಟಲ್‌ನ ನೀತಿಶಾಸ್ತ್ರ ಗುಂಪಲ್ಲಿ ಓದೋದು ಹೇಗೆ: ಅರ್ಧಕ್ಕೇ ನಿಂತು ಹೋಗೋ ಗುಂಪುಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಗ್ರೀಕರ ನೀತಿಶಾಸ್ತ್ರ ಓದೋಣ, ಒಳ್ಳೆ ಬದುಕು ಅಂದ್ರೆ ಏನು ಅಂತ ಸೇರಿ ಯೋಚ್ನೆ ಮಾಡೋಣ ಅಂತ ಶುರು ಮಾಡ್ತಾರೆ, ಮೊದಲ ವಾರ ಎಲ್ರೂ ಬರ್ತಾರೆ, ಎರಡನೇ ವಾರ ಅರ್ಧ ಜನ, ಆಮೇಲೆ ವಾಟ್ಸಾಪ್ ಗ್ರೂಪ್ ಮಾತ್ರ ಉಳಿಯತ್ತೆ. ಯಾಕೆ ಹೀಗಾಗತ್ತೆ ಅಂತ ಕೇಳೋರು ತುಂಬಾ ಜನ, ಅದಕ್ಕೇ ಇದನ್ನ ಉದ್ದಕ್ಕೆ ಬರೀತಿದ್ದೀನಿ. ಪುಸ್ತಕ ಕಷ್ಟ ಅನ್ನೋದು ಒಂದು ಕಾರಣ ಹೌದು, ಆದ್ರೆ ಬಹಳಷ್ಟು ಗುಂಪು ಕೆಡೋದು ಕ್ರಮ ತಪ್ಪೋದ್ರಿಂದ. ಅರಿಸ್ಟಾಟಲ್ ಏನು ಹೇಳಿದ, ಯಾಕೆ ಹೇಳಿದ ಅಂತ ತಿಳಿಯೋಕೆ ಮುಂಚೇನೇ ಅವನು ಹೇಳಿದ್ದು ಸರಿನಾ ತಪ್ಪಾ ಅಂತ ಚರ್ಚೆ ಶುರುವಾಗತ್ತೆ, ಅಲ್ಲಿಂದ ಆಚೆಗೆ ಪುಸ್ತಕ ಯಾರಿಗೂ ಬೇಕಾಗಲ್ಲ, ಅವರವರ ಅಭಿಪ್ರಾಯ ಅವರವರು ಹೇಳ್ಕೊಂಡು ಮನೆಗೆ ಹೋಗ್ತಾರೆ. ಕೆಳಗಿರೋ ಎಲ್ಲಾ ಹಂತಗಳೂ ಇದನ್ನ ತಡೆಯೋಕೇ ಇರೋದು.

## ಶುರು ಮಾಡೋ ಮುಂಚೆ ಕೈಲಿ ಏನೇನಿರ್ಬೇಕು

ಐದರಿಂದ ಎಂಟು ಜನ. ನಾಲ್ಕಕ್ಕಿಂತ ಕಮ್ಮಿ ಆದ್ರೆ ಇಬ್ರು ಊರಿಗೆ ಹೋದ ವಾರ ಮೀಟಿಂಗ್ ನಡೆಯಲ್ಲ, ಹತ್ತು ದಾಟಿದ್ರೆ ಮೂರೇ ಜನ ಮಾತಾಡ್ತಾರೆ, ಮಿಕ್ಕವರು ಕೇಳ್ತಾರೆ. ಹದಿನೈದು ದಿನಕ್ಕೊಂದು ಸಲ, ಎರಡು ಗಂಟೆ, ಯಾವಾಗ್ಲೂ ಅದೇ ದಿನ ಅದೇ ಟೈಮ್. ಬರೆಯೋಕೆ ಒಂದು ಬೋರ್ಡು ಅಥವಾ ದೊಡ್ಡ ಹಾಳೆ. ಕೆಲವರು ಬೆಂಗಳೂರಲ್ಲಿ, ಕೆಲವರು ದುಬೈನಲ್ಲೋ ಅಮೆರಿಕಾದಲ್ಲೋ ಇದ್ದು ಗೂಗಲ್ ಮೀಟ್‌ನಲ್ಲಿ ಸೇರೋದಾದ್ರೆ ಎಲ್ರೂ ಒಟ್ಟಿಗೆ ನೋಡೋ ಹಾಗೆ ಒಂದು ಶೇರ್ಡ್ ಡಾಕ್ಯುಮೆಂಟ್ ಸಾಕು. ವಾಟ್ಸಾಪ್ ಗ್ರೂಪು ಇರ್ಲಿ, ಆದ್ರೆ ಟೈಮು, ಜಾಗ, ಪುಟ ನಂಬರ್ ಹೇಳೋಕೆ ಮಾತ್ರ.

ಗ್ರೀಕ್ ಭಾಷೆ ಬರ್ಬೇಕಾಗಿಲ್ಲ. ಫಿಲಾಸಫಿ ಡಿಗ್ರಿನೂ ಬೇಡ.

## ಹಂತ 1: ಒಂದೇ ಅನುವಾದ ಹಿಡ್ಕೊಳ್ಳಿ

ಇಲ್ಲೇ ಮೊದಲ ತಪ್ಪಾಗೋದು. ಒಬ್ಬರು ನೆಟ್‌ನಲ್ಲಿ ಸಿಕ್ಕಿದ ಪಿಡಿಎಫ್ ತರ್ತಾರೆ, ಇನ್ನೊಬ್ಬರು ಅಂಗಡೀಲಿ ತಗೊಂಡಿದ್ದು, ಮೂರನೆಯವರು ಫೋನಲ್ಲಿ ಸಾರಾಂಶ. ಒಬ್ಬರ ಪುಸ್ತಕದಲ್ಲಿ "ವರ್ಚ್ಯೂ" ಅಂತಿರತ್ತೆ, ಇನ್ನೊಬ್ಬರದ್ರಲ್ಲಿ "ಎಕ್ಸಲೆನ್ಸ್", ಎರಡೂ ಒಂದೇ ಗ್ರೀಕ್ ಪದದ (ಕೆಳಗೆ ಇದನ್ನೇ "ಗುಣ" ಅಂದಿದ್ದೀನಿ) ಅನುವಾದ ಅಂತ ಗೊತ್ತಿಲ್ದೇ ಇಲ್ಲದ ಜಗಳ ಶುರುವಾಗತ್ತೆ.

ನಾವು ಓದೋ ಅರಿಸ್ಟಾಟಲ್‌ನ ಪುಸ್ತಕ ನಿಕೊಮಾಕಿಯನ್ ಎಥಿಕ್ಸ್. ಅದಕ್ಕೆ ಇಂಗ್ಲಿಷಲ್ಲಿ ಒಳ್ಳೆ ಅನುವಾದಗಳು ಹಲವು ಇವೆ. ಡಬ್ಲ್ಯೂ. ಡಿ. ರಾಸ್ ಮಾಡಿದ 1925ರದ್ದು ನೆಟ್‌ನಲ್ಲಿ ಪುಕ್ಕಟೆ ಸಿಗತ್ತೆ, ಭಾಷೆ ಸ್ವಲ್ಪ ಹಳೇದು. ದುಡ್ಡು ಕೊಟ್ಟು ತಗೊಳ್ಳೋದಾದ್ರೆ ಟೆರೆನ್ಸ್ ಅರ್ವಿನ್‌ದು ತಗೊಳ್ಳಿ, ಹಿಂದುಗಡೆ ಟಿಪ್ಪಣಿ ಮತ್ತು ಪದಗಳ ವಿವರಣೆ ಚೆನ್ನಾಗಿದೆ, ಗುರು ಇಲ್ಲದ ಗುಂಪಿಗೆ ಅದು ತುಂಬಾ ಉಪಯೋಗ. ರೋಜರ್ ಕ್ರಿಸ್ಪ್ ಅನುವಾದ ಓದೋಕೆ ಹಗುರ. ಯಾವುದಾದ್ರೂ ಆಗ್ಲಿ, ಎಲ್ರ ಹತ್ರ ಅದೇ ಇರ್ಬೇಕು. ಬೇರೆ ಅನುವಾದ ಒಂದು ಕಾಪಿ ಮೇಜಿನ ಮೇಲಿರ್ಲಿ, ಒಂದು ಸಾಲು ಅರ್ಥ ಆಗ್ದೇ ಸಿಕ್ಕಾಕೊಂಡಾಗ ತೆಗೆದು ನೋಡೋಕೆ.

ಆಮೇಲೆ ಅಂಚಿನ ನಂಬರ್. ಪುಸ್ತಕದ ಪಕ್ಕದಲ್ಲಿ 1097ಬಿ22 ಅಂತೆಲ್ಲ ಇರತ್ತಲ್ಲ, ಅದು 1831ರಲ್ಲಿ ಬರ್ಲಿನ್‌ನಲ್ಲಿ ಬೆಕ್ಕರ್ ಅನ್ನೋರು ತಂದ ಗ್ರೀಕ್ ಆವೃತ್ತಿಯ ಪುಟ, ಕಾಲಂ, ಸಾಲು. ಈ ಪುಸ್ತಕ 1094ಎ ಇಂದ 1181ಬಿ ತನಕ ಬರತ್ತೆ. ಅರಿಸ್ಟಾಟಲ್‌ನ ಗುರು ಪ್ಲೇಟೋಗೆ ಇದೇ ಥರ 1578ರ ಸ್ಟೆಫಾನಸ್ ಆವೃತ್ತಿಯ ನಂಬರ್. ನೆಟ್‌ನಲ್ಲಿ ಸಿಗೋ ಕೆಲವು ಕಾಪಿಗಳಲ್ಲಿ ಈ ನಂಬರ್ ಇರಲ್ಲ, ಅಂಥದ್ದು ಬೇಡವೇ ಬೇಡ. "ಅವನು ಎಲ್ಲೋ ಹೇಳಿದ್ದಾನೆ" ಅನ್ನೋ ಮಾತಿಗೆ "ಎಲ್ಲಿ, ನಂಬರ್ ಹೇಳಿ" ಅಂತ ಕೇಳೋಕೆ ಆಗ್ಬೇಕು, ಅರ್ಧ ಜಗಳ ಅಲ್ಲೇ ಮುಗಿಯತ್ತೆ.

## ಹಂತ 2: ಓದೋ ಕ್ರಮ ಮೊದಲೇ ಬರೆದಿಟ್ಕೊಳ್ಳಿ

ಎಥಿಕ್ಸ್‌ನಲ್ಲಿ "ಬುಕ್" ಅನ್ನೋ ಹತ್ತು ಭಾಗ ಇವೆ. ವಾರಕ್ಕೊಂದು ಬುಕ್ಕು, ಹತ್ತು ವಾರಕ್ಕೆ ಹತ್ತು ಬುಕ್ಕು ಮುಗಿಸ್ತೀವಿ ಅಂತ ಹೊರಟೋರು ಬಹಳಷ್ಟು ಸಲ ಬುಕ್ 3ರ ಹತ್ರ ನಿಲ್ತಾರೆ. ಪ್ಲೇಟೋನ ರಿಪಬ್ಲಿಕ್‌ನಿಂದ ಶುರು ಮಾಡೋದೂ ಬೇಡ, ಅದ್ಭುತವಾದ ಪುಸ್ತಕ, ಆದ್ರೆ ಹೊಸ ಗುಂಪಿಗೆ ತೀರಾ ಉದ್ದ. ನನ್ನ ಪ್ರಕಾರ ಈ ಕ್ರಮ ಕೆಲಸ ಮಾಡತ್ತೆ:

1. ಪ್ಲೇಟೋನ ಯೂಥಿಫ್ರೋ ಅನ್ನೋ ಸಂವಾದ, ಪೂರ್ತಿ. ಚಿಕ್ಕದು, ಒಂದೇ ಮೀಟಿಂಗ್.
2. ಪ್ಲೇಟೋನದೇ ಅಪಾಲಜಿ ಅಥವಾ ಕ್ರೀಟೋ, ಯಾವುದಾದ್ರೂ ಒಂದು.
3. ಎಥಿಕ್ಸ್ ಬುಕ್ 1, ಅಧ್ಯಾಯ 1 ರಿಂದ 5.
4. ಬುಕ್ 1, ಅಧ್ಯಾಯ 7 ಒಂದೇ. ಇದಕ್ಕೆ ಒಂದಿಡೀ ಮೀಟಿಂಗ್ ಬೇಕು.
5. ಬುಕ್ 1, ಅಧ್ಯಾಯ 8 ರಿಂದ 10.
6. ಬುಕ್ 2 ಪೂರ್ತಿ, ಎರಡು ಮೀಟಿಂಗ್‌ನಲ್ಲಿ.
7. ಬುಕ್ 3, ಅಧ್ಯಾಯ 1 ರಿಂದ 5, ಆಮೇಲೆ ಧೈರ್ಯದ ಮೇಲಿನ ಭಾಗ.
8. ಬುಕ್ 6ರ ಅಧ್ಯಾಯ 5, 12, 13, ಬುಕ್ 7ರ ಮೊದಲ ಮೂರು ಅಧ್ಯಾಯ.
9. ಬುಕ್ 8ರ ಮೊದಲ ಐದು ಅಧ್ಯಾಯ ಮತ್ತು ಅಧ್ಯಾಯ 11, ಬುಕ್ 9ರ 4, 8, 9. ಗೆಳೆತನದ ಭಾಗ ಇದು.
10. ಬುಕ್ 10, ಅಧ್ಯಾಯ 6 ರಿಂದ 9.
11. ಎಪಿಕ್ಯೂರಸ್ ಮೆನೋಯ್ಕಿಯಸ್‌ಗೆ ಬರೆದ ಪತ್ರ.
12. ಸ್ಟೋಯಿಕ್ ಪಂಥದ ಎಪಿಕ್ಟೀಟಸ್‌ನ ಕೈಪಿಡಿ, ಎನ್‌ಕೈರಿಡಿಯನ್.

ಯೂಥಿಫ್ರೋ ಮೊದಲು ಯಾಕೆ ಅಂದ್ರೆ ಅದು ಗುಂಪಿಗೆ ಒಂದು ಅಭ್ಯಾಸ ಕಲಿಸತ್ತೆ. ಸ್ವಂತ ಅಪ್ಪನ ಮೇಲೇ ಕೊಲೆ ಕೇಸು ಹಾಕೋಕೆ ಬಂದಿರ್ತಾನೆ ಯೂಥಿಫ್ರೋ, ಧರ್ಮ ಅಂದ್ರೆ ಏನು ಅಂತ ಸಾಕ್ರಟೀಸ್ ಕೇಳಿದ್ರೆ "ನಾನೀಗ ಮಾಡ್ತಿರೋದೇ" ಅಂತಾನೆ. ಉದಾಹರಣೆ ಕೊಟ್ಟೆ, ಏನು ಅಂತ ಹೇಳ್ಲಿಲ್ಲವಲ್ಲ ಅಂತ ಸಾಕ್ರಟೀಸ್ ಬೆನ್ನು ಹತ್ತುತ್ತಾನೆ. ನಮ್ಮ ಚರ್ಚೆಗಳಲ್ಲೂ ಇದೇ ಆಗೋದು, ಒಳ್ಳೆ ಬದುಕು ಅಂದ್ರೆ ಏನು ಅಂದ್ರೆ "ನಮ್ಮ ತಾತ ಬದುಕಿದ್ರಲ್ಲ ಹಾಗೆ" ಅಂತೀವಿ. ಯೂಥಿಫ್ರೋ ಓದಿದ ಮೇಲೆ ಗುಂಪಲ್ಲಿ ಯಾರಾದ್ರೂ ಒಬ್ಬರು "ಇದು ಉದಾಹರಣೆ ಆಯ್ತು, ಅದರಲ್ಲಿ ಒಳ್ಳೇದು ಮಾಡಿದ್ದು ಯಾವುದು?" ಅಂತ ತಾವಾಗೇ ಕೇಳೋಕೆ ಶುರು ಮಾಡ್ತಾರೆ.

ಬುಕ್ 5 ನ್ಯಾಯದ ಮೇಲಿದೆ, ಮುಖ್ಯವಾದದ್ದೇ, ಆದ್ರೆ ಮೊದಲ ಸುತ್ತಲ್ಲಿ ಬೇಡ.

## ಹಂತ 3: ಎರಡು ಗಂಟೆ ಹಂಚ್ಕೊಳ್ಳೋದು ಹೇಗೆ

ಮೊದಲ ಇಪ್ಪತ್ತು ನಿಮಿಷ ಜೋರಾಗಿ ಓದಿ. ಮನೇಲಿ ಓದ್ಕೊಂಡು ಬಂದಿರ್ತಾರೆ ಅಂತ ನಂಬ್ಕೋಬೇಡಿ, ಓದಿದ್ರೂ ಬಸ್ಸಲ್ಲಿ ಓದಿರ್ತಾರೆ. ಆ ದಿನದ ಭಾಗದಲ್ಲಿ ಅತೀ ಮುಖ್ಯವಾದ ಎರಡು ಮೂರು ಪ್ಯಾರಾ ಆರಿಸಿ, ಸರದಿ ಮೇಲೆ ಒಬ್ಬೊಬ್ಬರು ಒಂದೊಂದು ಪ್ಯಾರಾ ಓದಿ, ಓದಿದವರೇ ಅದನ್ನ ಕನ್ನಡದಲ್ಲಿ ಸ್ವಂತ ಮಾತಲ್ಲಿ ಹೇಳ್ಬೇಕು. ಇದನ್ನ ಬಿಡ್ಲೇಬೇಡಿ. ಇಂಗ್ಲಿಷ್ ಸಾಲನ್ನ ಹಾಗೇ ತಿರುಗಿ ಒಪ್ಪಿಸಿದಾಗ ಅರ್ಥ ಆಯ್ತು ಅಂತ ಅನ್ಸತ್ತೆ, ಕನ್ನಡದಲ್ಲಿ ಹೇಳೋಕೆ ಹೋದಾಗಲೇ ಎಲ್ಲಿ ಅರ್ಥ ಆಗಿಲ್ಲ ಅಂತ ಗೊತ್ತಾಗೋದು.

ಮುಂದಿನ ನಲವತ್ತೈದು ನಿಮಿಷ ವಾದ ಕಟ್ಟೋದು, ಅಂದ್ರೆ ಇದಾದ್ಮೇಲೆ ಇದು, ಆದ್ದರಿಂದ ಇದು ಅಂತ ಬೋರ್ಡಿನ ಮೇಲೆ ಒಂದೊಂದೇ ಸಾಲು ಬರೆಯೋದು. ಈ ಹೊತ್ತಲ್ಲಿ "ನಾನು ಒಪ್ಪಲ್ಲ" ಅನ್ನೋ ಹಾಗಿಲ್ಲ. ಆಮೇಲೆ ಮೂವತ್ತೈದು ನಿಮಿಷ ಆಕ್ಷೇಪಣೆ, ಪ್ರತಿ ಆಕ್ಷೇಪಣೆನೂ ಬೋರ್ಡಿನ ಯಾವ ಸಾಲಿನ ಮೇಲೆ ಅಂತ ಹೇಳ್ಬೇಕು. ಕೊನೆಯ ಇಪ್ಪತ್ತು ನಿಮಿಷ ನಮ್ಮ ಬದುಕಿನ ಮಾತು, ಅದು ಬೇಕೇ ಬೇಕು, ಇಲ್ದಿದ್ರೆ ಇದನ್ನೆಲ್ಲ ಯಾಕೆ ಓದ್ಬೇಕು, ಆದ್ರೆ ಅದರ ಜಾಗ ಕೊನೆಯಲ್ಲೇ. ಇದನ್ನ ಮೊದಲಿಗೆ ತಂದ್ರೆ ಮಿಕ್ಕಿದ್ದು ಯಾವುದೂ ನಡೆಯಲ್ಲ.

ನಡೆಸಿಕೊಡೋರು ಪ್ರತಿ ಸಲ ಬದಲಾಗ್ಲಿ. ಒಬ್ಬರೇ ಯಾವಾಗ್ಲೂ ನಡೆಸಿದ್ರೆ ಅವರು ಮೇಷ್ಟ್ರಾಗ್ತಾರೆ, ಮಿಕ್ಕವರು ಓದೋದು ನಿಲ್ಲಿಸ್ತಾರೆ.

## ಹಂತ 4: ಬುಕ್ 1, ಅಧ್ಯಾಯ 7, ಇಲ್ಲಿ ನಿಧಾನ

ಅತೀ ಹೆಚ್ಚು ಗುಂಪುಗಳು ಎಡವೋದು ಇಲ್ಲೇ, ಅದಕ್ಕೆ ಇದನ್ನ ಬಿಡಿಸಿ ಹೇಳ್ತೀನಿ. 1097ಬಿ22ರಿಂದ 1098ಎ20 ತನಕ, ಹೆಚ್ಚುಕಮ್ಮಿ ಒಂದೂವರೆ ಪುಟ. ಬೋರ್ಡಿನ ಮೇಲೆ ಹೀಗೆ ಬರ್ಬೇಕು:

1. ಎಲ್ಲಕ್ಕಿಂತ ಮೇಲಿನ ಒಳಿತು ಯೂಡೈಮೋನಿಯಾ (ಇಡೀ ಬದುಕು ಚೆನ್ನಾಗಿ ನಡೆಯೋದು) ಅಂತ ಎಲ್ರೂ ಒಪ್ತಾರೆ, ಆದ್ರೆ ಅದೇನು ಅಂತ ಇನ್ನೂ ಸ್ಪಷ್ಟ ಆಗಿಲ್ಲ.
2. ಕೊಳಲು ನುಡಿಸೋನು, ಶಿಲ್ಪಿ, ಹೀಗೆ ಯಾರಿಗೆ ಒಂದು ಕೆಲಸ ಅಂತ ಇದ್ಯೋ ಅವರ ಒಳ್ಳೇತನ ಆ ಕೆಲಸದಲ್ಲೇ ಇರತ್ತೆ.
3. ಬಡಗಿಗೆ, ಚಮ್ಮಾರನಿಗೆ ಕೆಲಸ ಇದೆ, ಕಣ್ಣಿಗೆ ಕೈಗೆ ಕಾಲಿಗೆ ಇದೆ, ಹಾಗಿದ್ರೆ ಮನುಷ್ಯ ಅನ್ನೋನಿಗೆ ಮಾತ್ರ ಇಲ್ವಾ?
4. ಬರೀ ಬದುಕಿರೋದು, ಬೆಳೆಯೋದು ಗಿಡಕ್ಕೂ ಇದೆ. ನೋಡೋದು ಕೇಳೋದು ಕುದುರೆಗೂ ಎತ್ತಿಗೂ ಇದೆ.
5. ಉಳಿದಿದ್ದು ವಿವೇಕ ಇರೋ ಭಾಗದ ಕ್ರಿಯಾಶೀಲ ಬದುಕು.
6. ವೀಣೆಯಂಥ ಲೈರ್ ನುಡಿಸೋನ ಕೆಲಸ, ಅದನ್ನ ಚೆನ್ನಾಗಿ ನುಡಿಸೋನ ಕೆಲಸ ಎರಡೂ ಒಂದೇ ಜಾತಿಯದು, ಎರಡನೆಯವನಲ್ಲಿ ಗುಣ ಸೇರಿದೆ ಅಷ್ಟೇ.
7. ಆದ್ದರಿಂದ ಮನುಷ್ಯನ ಒಳಿತು ಅಂದ್ರೆ ಗುಣಕ್ಕೆ ತಕ್ಕ ಹಾಗೆ ಆತ್ಮ ಕ್ರಿಯೆಯಲ್ಲಿರೋದು, ಗುಣ ಹಲವಿದ್ರೆ ಅತ್ಯುತ್ತಮವಾದ, ಪೂರ್ಣವಾದ ಗುಣಕ್ಕೆ ತಕ್ಕ ಹಾಗೆ.
8. ಅದೂ ಒಂದು ಇಡೀ ಆಯುಷ್ಯದಲ್ಲಿ. ಒಂದು ಹಕ್ಕಿ ಬಂದ ಮಾತ್ರಕ್ಕೆ ವಸಂತ ಆಗಲ್ಲ.

ಇಲ್ಲಿ ಬರೋ ತಪ್ಪುಗಳು ಮೂರು. ಒಂದು, ಯೂಡೈಮೋನಿಯಾನ ಖುಷಿ ಅಂತ ತಗೊಳ್ಳೋದು. ಖುಷಿ ಮನಸ್ಸಿನ ಸ್ಥಿತಿ, ಬಂದು ಹೋಗತ್ತೆ, ಅವನು ಮಾತಾಡ್ತಿರೋದು ಇಡೀ ಬದುಕು ಹೇಗೆ ನಡೀತು ಅನ್ನೋದ್ರ ಬಗ್ಗೆ. ಗುಂಪಲ್ಲಿ ಗ್ರೀಕ್ ಪದವನ್ನೇ ಬಳಸಿ, ಅಭ್ಯಾಸ ಆಗತ್ತೆ.

ಎರಡನೇದು ನಮ್ಮಲ್ಲೇ ಜಾಸ್ತಿ. "ಕೆಲಸ" ಅಂದ ಕೂಡ್ಲೇ ಯಾರಾದ್ರೂ "ಓ, ಇದು ಸ್ವಧರ್ಮ, ಗೀತೇಲಿ ಇದೇ ಇದೆ" ಅಂತಾರೆ. ಸಾಲು 3ನ್ನ ಮತ್ತೆ ಓದಿಸಿ. ಬಡಗಿ, ಚಮ್ಮಾರ ಬರೋದು ಹೋಲಿಕೆಗೆ ಮಾತ್ರ, ಅವನು ಹುಡುಕ್ತಿರೋದು ಮನುಷ್ಯ ಮನುಷ್ಯನಾಗಿ ಮಾಡೋ ಕೆಲಸವನ್ನ. ಹುಟ್ಟಿನಿಂದಲೋ ವರ್ಣದಿಂದಲೋ ಒಬ್ಬೊಬ್ಬರಿಗೆ ಒಂದೊಂದು ಕರ್ತವ್ಯ ಅನ್ನೋ ವಿಚಾರ ಈ ವಾದದಲ್ಲಿ ಇಲ್ಲ. ಗೀತೆ ಜೊತೆ ಹೋಲಿಸಿ ನೋಡೋದು ಒಳ್ಳೇ ಕೆಲಸವೇ, ಆದ್ರೆ ಎರಡೂ ಒಂದೇ ಅಂತ ಮೊದಲೇ ತೀರ್ಮಾನ ಮಾಡಿದ್ರೆ ಎರಡನ್ನೂ ಓದಿದ ಹಾಗಾಗಲ್ಲ. ಅದಕ್ಕೇ ನೋಟ್‌ಬುಕ್ಕಿನ ಕೊನೇ ಪುಟವನ್ನ ಹೋಲಿಕೆಗಳಿಗೆ ಅಂತ ಬಿಡಿ, ಹೊಳೆದದ್ದನ್ನ ಅಲ್ಲಿ ಬರೆದಿಟ್ಟು ಬುಕ್ ಮುಗಿದಾಗ ತೆಗೀರಿ.

ಮೂರನೇದು, "ಕಣ್ಣಿಗೆ ಕೆಲಸ ಇದ್ರೆ ಮನುಷ್ಯನಿಗೂ ಇರ್ಬೇಕು ಅಂತ ಎಲ್ಲಿದೆ?" ಅಂತ ಒಬ್ಬರು ಸಾಲು 3ರಲ್ಲೇ ನಿಲ್ಲಿಸ್ಬಿಡ್ತಾರೆ. ಇದು ಒಳ್ಳೆಯ ಆಕ್ಷೇಪಣೆ, ವಿದ್ವಾಂಸರೂ ಎತ್ತಿದ್ದಾರೆ. ಅದನ್ನ ಪಕ್ಕದಲ್ಲಿ ಬರೆದಿಟ್ಕೊಂಡು 8ರ ತನಕ ಹೋಗಿ, ಪೂರ್ತಿ ವಾದ ಕಣ್ಣೆದುರಿಗೆ ಇದ್ದಾಗ ಆ ಪ್ರಶ್ನೆಯ ತೂಕ ಗೊತ್ತಾಗತ್ತೆ.

## ಹಂತ 5: "ಮಧ್ಯಮ" ಅನ್ನೋ ಬಲೆ

ಗುಣ ಅಂದ್ರೆ ಅತಿಗೂ ಕೊರತೆಗೂ ನಡುವಿನ ಮಧ್ಯಮ ಅಂತ ಬುಕ್ 2ರಲ್ಲಿ ಹೇಳ್ತಾನೆ. ಅಲ್ಲಿಗೆ ಬಂದಾಗ ಎಲ್ರಿಗೂ ಒಂಥರಾ ನಿರಾಳ ಆಗತ್ತೆ, ಅತಿ ಬೇಡ, ಮಿತವಾಗಿರಿ ಅಂತಿದ್ದಾನೆ, ಇದು ಗೊತ್ತಿರೋದೇ ಅಂತ. ಹಾಗೆ ಓದಿದ್ರೆ ಬುಕ್ 2 ಕೈಬಿಟ್ಟು ಹೋಯ್ತು ಅಂತಲೇ ಲೆಕ್ಕ. 1106ಬಿ ಹತ್ರ ಕುಸ್ತಿ ಪೈಲ್ವಾನ್ ಮೈಲೋನ ಉದಾಹರಣೆ ನೋಡಿ: ಹತ್ತು ಪಾಲು ಊಟ ಜಾಸ್ತಿ, ಎರಡು ಪಾಲು ಕಮ್ಮಿ, ಹಾಗಂತ ಲೆಕ್ಕ ಹಾಕಿ ಆರು ಅಂತ ಎಲ್ರಿಗೂ ಬಡಿಸೋಕಾಗಲ್ಲ, ಮೈಲೋಗೆ ಅದು ಕಮ್ಮಿ, ಈಗಷ್ಟೇ ತಾಲೀಮು ಶುರು ಮಾಡಿದೋನಿಗೆ ಜಾಸ್ತಿ. ಸರಿಯಾದ ಹೊತ್ತಲ್ಲಿ, ಸರಿಯಾದವರ ಮೇಲೆ, ಸರಿಯಾದ ಕಾರಣಕ್ಕೆ ಬರೋ ಸಿಟ್ಟು ದೊಡ್ಡ ಸಿಟ್ಟೇ ಆಗಿರ್ಬಹುದು, ಆಗ ಅದೇ ಮಧ್ಯಮ. ಯಾವಾಗ್ಲೂ ಸ್ವಲ್ಪ ಸ್ವಲ್ಪ ಸಿಟ್ಟು ಮಾಡ್ಕೊಳ್ಳಿ ಅಂತ ಅವನು ಹೇಳ್ತಿಲ್ಲ. ಕೊಲೆ, ಕಳ್ಳತನ, ವ್ಯಭಿಚಾರಕ್ಕೆ ಮಧ್ಯಮ ಅನ್ನೋದೇ ಇಲ್ಲ ಅಂತ 1107ಎನಲ್ಲಿ ನೇರವಾಗಿ ಹೇಳ್ತಾನೆ.

ಬುದ್ಧನ ಮಧ್ಯಮ ಮಾರ್ಗವೂ ಇದೇನಾ ಅನ್ನೋ ಪ್ರಶ್ನೆ ಖಂಡಿತ ಬರತ್ತೆ. ಹೋಲಿಕೆ ಪುಟಕ್ಕೆ ಹಾಕಿ.

ಅಧ್ಯಾಯ 4ನ್ನೂ ಓಡಿಸ್ಬೇಡಿ. ನ್ಯಾಯದ ಕೆಲಸ ಮಾಡ್ತಾ ಮಾಡ್ತಾ ನ್ಯಾಯವಂತರಾಗ್ತೀವಿ ಅಂತ ಮೊದಲು ಹೇಳಿರ್ತಾನೆ, ಆಗ ನ್ಯಾಯದ ಕೆಲಸ ಮಾಡ್ತಿರೋರು ಆಗ್ಲೇ ನ್ಯಾಯವಂತರಲ್ವಾ ಅನ್ನೋ ಪ್ರಶ್ನೆನ ಅವನೇ ಎತ್ತುತ್ತಾನೆ. ಉತ್ತರಕ್ಕೆ ಮೂರು ಷರತ್ತು ಹಾಕ್ತಾನೆ, ಗೊತ್ತಿದ್ದು ಮಾಡ್ಬೇಕು, ಆ ಕೆಲಸಕ್ಕೋಸ್ಕರವೇ ಆರಿಸ್ಕೊಂಡು ಮಾಡ್ಬೇಕು, ಅಲ್ಲಾಡದ ಸ್ವಭಾವದಿಂದ ಮಾಡ್ಬೇಕು. ಈ ಮೂರನ್ನೂ ಬೋರ್ಡಿನ ಮೇಲೆ ಬರೆದು, ಒಬ್ಬೊಬ್ಬರು ತಾವು ದಿನಾ ಮಾಡೋ ಒಂದು ಒಳ್ಳೆ ಕೆಲಸ ತಗೊಂಡು ಯಾವ ಷರತ್ತು ಪೂರೈಸತ್ತೆ, ಯಾವುದು ಇಲ್ಲ ಅಂತ ನೋಡಿ. ಇಡೀ ಪುಸ್ತಕದಲ್ಲಿ ನನಗೆ ಅತೀ ಇಷ್ಟವಾದ ಅಭ್ಯಾಸ ಇದು, ಜನ ತುಂಬಾ ಪ್ರಾಮಾಣಿಕವಾಗಿ ಮಾತಾಡ್ತಾರೆ.

ಇದೇ ಟೈಮಲ್ಲಿ "ನಾವು ಪದೇ ಪದೇ ಏನು ಮಾಡ್ತೀವೋ ಅದೇ ನಾವು" ಅಂತ ಅರಿಸ್ಟಾಟಲ್ ಫೋಟೋ ಹಾಕಿರೋ ಫಾರ್ವರ್ಡ್ ಬರತ್ತೆ. ಆ ವಾಕ್ಯ ಅವನದಲ್ಲ, ಅಮೆರಿಕದ ಲೇಖಕ ವಿಲ್ ಡ್ಯುರಾಂಟ್ 1926ರ ಪುಸ್ತಕದಲ್ಲಿ ಬುಕ್ 2ರ ಸಾರಾಂಶ ಹೇಳ್ತಾ ಬರೆದಿದ್ದು. ಯಾವ ಉದ್ಧರಣೆ ಬಂದ್ರೂ ನಂಬರ್ ಕೇಳಿ.

## ಹಂತ 6: ನೋವಾಗೋ ಜಾಗಗಳಿಗೆ ಮೊದಲೇ ತಯಾರಾಗಿ

ಇದನ್ನ ಯಾರೂ ಹೇಳ್ಕೊಡಲ್ಲ, ಆದ್ರೆ ಗುಂಪು ಒಡೆಯೋದು ಇಲ್ಲೂ ಹೌದು. ಬುಕ್ 1, ಅಧ್ಯಾಯ 8ರ ಕೊನೆಯಲ್ಲಿ (1099ಬಿ) ತೀರಾ ಕುರೂಪಿ, ಕೆಳಮನೆತನದಲ್ಲಿ ಹುಟ್ಟಿದೋನು, ಒಂಟಿ, ಮಕ್ಕಳಿಲ್ಲದೋನು, ಮಕ್ಕಳನ್ನ ಕಳ್ಕೊಂಡೋನು ಪೂರ್ತಿ ಯೂಡೈಮೋನಿಯಾ ಪಡೆಯೋದು ಕಷ್ಟ ಅಂತ ಬರೀತಾನೆ. ನಿಮ್ಮ ಗುಂಪಲ್ಲಿ ಇದರಲ್ಲಿ ಯಾವುದನ್ನಾದ್ರೂ ಅನುಭವಿಸಿದವರು ಇರ್ತಾರೆ. ನಡೆಸಿಕೊಡೋರು ಹಿಂದಿನ ಮೀಟಿಂಗ್‌ನಲ್ಲೇ "ಮುಂದಿನ ಸಲ ಹೀಗೊಂದು ಭಾಗ ಇದೆ" ಅಂತ ಹೇಳಿಡಿ. ಓದೋವಾಗ ಅದೇ ಓಟದಲ್ಲಿ ಅಧ್ಯಾಯ 10ಕ್ಕೂ ಹೋಗಿ. ಟ್ರಾಯ್‌ನ ರಾಜ ಪ್ರಿಯಾಮ್‌ನಂಥ ದುರಂತ ಬಂದ್ರೂ ಒಳ್ಳೆಯವನು ಹೀನ ಆಗಲ್ಲ, ಅಂಥ ಹೊತ್ತಲ್ಲೂ ಅವನ ಒಳ್ಳೇತನ ಹೊಳೆಯತ್ತೆ ಅಂತ ಅಲ್ಲಿ ಹೇಳ್ತಾನೆ. ಎರಡನ್ನೂ ಒಟ್ಟಿಗೆ ಇಟ್ಟಾಗ್ಲೇ ಅವನ ನಿಲುವು ಏನು ಅಂತ ಕಾಣೋದು.

ಗುಲಾಮಗಿರಿ ವಿಷಯನೂ ಹೀಗೇ. ಬುಕ್ 8, ಅಧ್ಯಾಯ 11ರಲ್ಲಿ ಗುಲಾಮ ಜೀವ ಇರೋ ಉಪಕರಣ ಅಂತಾನೆ, ಅದಾದ್ಮೇಲೆ ಗುಲಾಮನಾಗಿ ಅವನ ಜೊತೆ ಗೆಳೆತನ ಆಗಲ್ಲ, ಮನುಷ್ಯನಾಗಿ ಆಗ್ಬಹುದು ಅಂತಾನೆ. ಇದನ್ನ ಹಾರಿಸ್ಬೇಡಿ, "ಆ ಕಾಲ ಹಾಗಿತ್ತು" ಅಂತ ಮುಚ್ಚಿಹಾಕ್ಬೇಡಿ. ಹಂತ 4ರಲ್ಲಿ ಬರೆದ "ಮನುಷ್ಯನ ಕೆಲಸ" ವಾದ ಈ ಮಾತಿನ ಜೊತೆ ನಿಲ್ಲತ್ತಾ ಅಂತ ಬೋರ್ಡು ತೆಗೆದು ಕೇಳಿ. ಅವನನ್ನ ಅವನದೇ ವಾದದಿಂದ ಪರೀಕ್ಷೆ ಮಾಡೋದು ನನಗೆ ಗೊತ್ತಿರೋ ಅತ್ಯಂತ ಒಳ್ಳೆ ದಾರಿ.

ಗೆಳೆತನದ ಭಾಗದಲ್ಲಿ (ಬುಕ್ 8, ಅಧ್ಯಾಯ 3) ಉಪಯೋಗಕ್ಕೆ, ಸುಖಕ್ಕೆ, ಒಳ್ಳೇತನಕ್ಕೆ ಅಂತ ಮೂರು ಥರದ ಗೆಳೆತನ ಬರತ್ತೆ. ಎಲ್ರೂ ತಮ್ಮ ಗೆಳೆಯರನ್ನ ಮನಸ್ಸಲ್ಲೇ ವಿಂಗಡಿಸೋಕೆ ಶುರು ಮಾಡ್ತಾರೆ. ಹೆಸರು ಹೇಳೋ ಹಾಗಿಲ್ಲ ಅಂತ ಮೊದಲೇ ಹೇಳ್ಬಿಡಿ.

## ಹಂತ 7: ಎಪಿಕ್ಯೂರಸ್, ಎಪಿಕ್ಟೀಟಸ್ ಬಂದಾಗ ಒಂದೇ ಪ್ರಶ್ನೆ ಇಟ್ಕೊಳ್ಳಿ

ಅರಿಸ್ಟಾಟಲ್, ಎಪಿಕ್ಯೂರಸ್, ಸ್ಟೋಯಿಕ್ ಅಂತ ಮೂರು ಪಂಥಗಳನ್ನ ಕೋಷ್ಟಕ ಹಾಕಿ ಹೋಲಿಸೋಕೆ ಹೋಗ್ಬೇಡಿ, ಪರೀಕ್ಷೆ ನೋಟ್ಸ್ ಥರ ಆಗತ್ತೆ. ಬದಲಿಗೆ ಒಂದೇ ಪ್ರಶ್ನೆ ಹಿಡ್ಕೊಳ್ಳಿ: ಒಳ್ಳೆಯವನನ್ನ ಹಿಂಸೆಯ ಚಕ್ರಕ್ಕೆ ಕಟ್ಟಿದ್ರೆ ಅವನ ಬದುಕು ಆಗ್ಲೂ ಒಳ್ಳೆ ಬದುಕಾ? ಹೌದು ಅನ್ನೋರು ಅರ್ಥ ಇಲ್ಲದ ಮಾತಾಡ್ತಿದ್ದಾರೆ ಅಂತಾನೆ ಅರಿಸ್ಟಾಟಲ್ (1153ಬಿ19). ಗುಣ ಒಂದೇ ಸಾಕು ಅನ್ನೋರು ಸ್ಟೋಯಿಕ್‌ರು. ಸುಖವೇ ಗುರಿ ಅಂದ ಎಪಿಕ್ಯೂರಸ್ ಕೂಡ ಜ್ಞಾನಿ ಹಿಂಸೆಯಲ್ಲೂ ಸುಖಿ ಅಂತ ಹೇಳಿದ ಅಂತ ತತ್ವಜ್ಞಾನಿಗಳ ಜೀವನಚರಿತ್ರೆ ಬರೆದ ಡಯೊಜಿನೀಸ್ ಲಯೇರ್ಷಿಯಸ್ ದಾಖಲಿಸಿದ್ದಾನೆ (10.118), ಇದು ಹೇಗೆ ಸಾಧ್ಯ ಅಂತ ಪತ್ರ ಇಟ್ಕೊಂಡು ಹುಡುಕಿ. ಎಪಿಕ್ಯೂರಸ್ ಅಂದ್ರೆ ಮಜಾ ಅಂತ ಬಂದೋರಿಗೆ ಅದೇ ಪತ್ರದಲ್ಲಿ (ಡಯೊಜಿನೀಸ್ ಪುಸ್ತಕದ 10.132) ಬರೋ ಮಾತು ತೋರ್ಸಿ, ಕುಡಿತ, ಔತಣ ಇವ್ಯಾವೂ ಸುಖದ ಬದುಕು ಕೊಡಲ್ಲ ಅಂತ ಅವನೇ ಬರ್ದಿದ್ದಾನೆ.

ಎನ್‌ಕೈರಿಡಿಯನ್‌ನ ಅಧ್ಯಾಯ 3ರಲ್ಲಿ ಮಗುಗೆ ಮುತ್ತು ಕೊಡೋವಾಗ ಒಬ್ಬ ಮನುಷ್ಯನಿಗೆ ಮುತ್ತು ಕೊಡ್ತಿದ್ದೀನಿ ಅಂತ ನೆನಪಿಸ್ಕೋ, ಸತ್ತಾಗ ಕಂಗೆಡಲ್ಲ ಅನ್ನೋ ಮಾತಿದೆ. ಈಚೆಗೆ ಸಾವು ಕಂಡ ಮನೆಯವರು ಗುಂಪಲ್ಲಿದ್ರೆ ಇದನ್ನ ಓದ್ಬೇಕಾ ಬೇಡ್ವಾ ಅಂತ ಅವರನ್ನೇ ಕೇಳಿ.

## ಗುಂಪು ಕೆಡ್ತಿದೆ ಅನ್ನೋ ಸೂಚನೆಗಳು

ಅರ್ಧ ಗಂಟೆ ಆದ್ರೂ ಯಾರೂ ಪುಸ್ತಕ ತೆಗೆದಿಲ್ಲ ಅಂದ್ರೆ ಅದು ಮೊದಲ ಸೂಚನೆ. ತಕ್ಷಣ ಚರ್ಚೆ ನಿಲ್ಲಿಸಿ ಒಂದು ಪ್ಯಾರಾ ಓದಿಸಿ, ಬೇರೆ ಏನೂ ಮಾಡ್ಬೇಕಾಗಿಲ್ಲ.

"ಅರಿಸ್ಟಾಟಲ್ ಪ್ರಕಾರ" ಅಂತ ಶುರುವಾಗಿ ನಂಬರ್ ಇಲ್ಲದ ಮಾತು ಜಾಸ್ತಿ ಆಗ್ತಿದ್ರೆ ಜನ ಯೂಟ್ಯೂಬ್ ನೋಡ್ಕೊಂಡೋ ಎಐ ಬರೆದ ಸಾರಾಂಶ ಓದ್ಕೊಂಡೋ ಬರ್ತಿದ್ದಾರೆ ಅಂತ ಅರ್ಥ. ಬೈಯ್ಬೇಡಿ, ಟೈಮ್ ಸಿಕ್ಕಿರಲ್ಲ ಪಾಪ. ಮುಂದಿನ ಸಲದ ಓದನ್ನ ಅರ್ಧಕ್ಕೆ ಇಳಿಸಿ.

ಒಬ್ಬರೇ ಮಾತಾಡ್ತಿದ್ರೆ ಅವರನ್ನ ಆ ದಿನ ಬೋರ್ಡು ಬರೆಯೋಕೆ ನಿಲ್ಲಿಸಿ, ಬೇರೆಯವರ ಮಾತನ್ನ ಬರೀಬೇಕಾದ್ರೆ ಕೇಳ್ಲೇಬೇಕು. ಮಾತೇ ಆಡದವರಿಗೆ ಅಭಿಪ್ರಾಯ ಕೇಳ್ಬೇಡಿ, "ಸಾಲು 4 ಇನ್ನೊಮ್ಮೆ ಓದ್ತೀರಾ?" ಅಂತ ಕೇಳಿ, ಅಲ್ಲಿಂದ ಮಾತು ತಾನಾಗೇ ಬರತ್ತೆ.

ಎಲ್ರೂ ಎಲ್ಲದಕ್ಕೂ ಒಪ್ತಿದ್ದಾರೆ ಅಂದ್ರೆ ಅದೂ ಒಳ್ಳೆ ಲಕ್ಷಣ ಅಲ್ಲ. ಬುಕ್ 7ರ ಪ್ರಶ್ನೆ ಎತ್ತಿ: ಶುಗರ್ ಇದೆ ಅಂತ ಗೊತ್ತಿದ್ದೂ ಮದುವೆ ಮನೇಲಿ ಇನ್ನೊಂದು ಒಬ್ಬಟ್ಟು ಹಾಕಿಸ್ಕೊಂಡೋನಿಗೆ ಆ ಕ್ಷಣದಲ್ಲಿ ಅದು ನಿಜವಾಗ್ಲೂ ಗೊತ್ತಿತ್ತಾ? ಗೊತ್ತಿದ್ದೂ ತಪ್ಪು ಮಾಡೋಕೆ ಸಾಧ್ಯವೇ ಇಲ್ಲ ಅಂದವನು ಸಾಕ್ರಟೀಸ್. ಕುಡಿದೋನು ಎಂಪಿಡೊಕ್ಲೀಸ್‌ನ ಪದ್ಯ ಹೇಳೋ ಹಾಗೆ ಬಾಯಲ್ಲಿ ಮಾತ್ರ ಗೊತ್ತಿರತ್ತೆ ಅಂದವನು ಅರಿಸ್ಟಾಟಲ್ (1147ಎ). ಇಲ್ಲಿ ಒಮ್ಮತ ಬರೋದು ಕಷ್ಟ, ಚರ್ಚೆಗೆ ಜೀವ ಬರತ್ತೆ.

## ಹಂತ 8: ಪ್ರತಿ ಸಲಕ್ಕೆ ಒಂದು ಪುಟ, ಆಮೇಲೆ ಎರಡನೇ ಸುತ್ತು

ಪ್ರತಿ ಮೀಟಿಂಗ್ ಆದ್ಮೇಲೆ ಒಬ್ಬರು ಒಂದು ಪುಟ ಬರೀಬೇಕು: ಓದಿದ ಭಾಗದ ನಂಬರ್, ಬೋರ್ಡಿನ ವಾದ ಹಾಗೇ, ಉತ್ತರ ಸಿಗದ ಒಂದು ಆಕ್ಷೇಪಣೆ. ಯಾರು ಏನು ಹೇಳಿದ್ರು ಅಂತ ಬೇಡ, ಕೊನೆಯ ಇಪ್ಪತ್ತು ನಿಮಿಷದ ಸ್ವಂತ ಮಾತುಗಳಂತೂ ಬರೆಯೋ ಹಾಗೇ ಇಲ್ಲ. ಒಂದು ಮೀಟಿಂಗ್ ತಪ್ಪಿಸ್ಕೊಂಡವರು ಇದನ್ನ ಓದ್ಕೊಂಡು ಬಂದ್ರೆ ಹಿಂದಿನ ಸಲದ ಕಥೆ ಹೇಳ್ತಾ ಕೂರೋದು ತಪ್ಪತ್ತೆ.

ಬುಕ್ 10ಕ್ಕೆ ಎರಡು ಮೀಟಿಂಗ್ ಇಡಿ. ಚಿಂತನೆಯ ಬದುಕೇ ಅತ್ಯುತ್ತಮ ಅಂತ ಅಧ್ಯಾಯ 7ರಲ್ಲಿ ಹೇಳ್ತಾನೆ, ಅಷ್ಟು ದಿನ ಧೈರ್ಯ, ಔದಾರ್ಯ, ಗೆಳೆತನ ಅಂತ ಓದ್ಕೊಂಡು ಬಂದೋರಿಗೆ ಮೋಸ ಹೋದ ಹಾಗೆ ಅನ್ಸತ್ತೆ. ಹಂತ 4ರ ಬೋರ್ಡಿನ ಸಾಲು 7 ಆಗ ಮತ್ತೆ ಬೇಕಾಗತ್ತೆ, "ಅತ್ಯುತ್ತಮವಾದ, ಪೂರ್ಣವಾದ ಗುಣ" ಅಂದಿದ್ದು ಯಾವುದನ್ನ ಅಂತ. ಒಂದೇ ಗುಣಾನಾ, ಎಲ್ಲಾ ಸೇರಿನಾ ಅಂತ ವಿದ್ವಾಂಸರು ಇವತ್ತಿಗೂ ವಾದ ಮಾಡ್ತಿದ್ದಾರೆ, ನಿಮ್ಮ ಗುಂಪು ಒಂದು ದಿನದಲ್ಲಿ ತೀರ್ಮಾನ ಮಾಡ್ಬೇಕಾಗಿಲ್ಲ.

ಎರಡನೇ ಸುತ್ತು ಮಾಡೋರು ಬುಕ್ 10, ಅಧ್ಯಾಯ 9ರಿಂದ ಶುರು ಮಾಡಿ. ಬರೀ ಮಾತಿಂದ ಜನ ಒಳ್ಳೆಯವರಾಗಲ್ಲ, ಅಭ್ಯಾಸ ಬೇಕು, ಅದಕ್ಕೆ ಕಾನೂನು ಬೇಕು ಅಂತ ಹೇಳಿ ಅವನು ಪಾಲಿಟಿಕ್ಸ್ ಅನ್ನೋ ಮುಂದಿನ ಗ್ರಂಥಕ್ಕೆ ಬಾಗಿಲು ತೆಗೀತಾನೆ. ಆಮೇಲೆ ಬಿಟ್ಟಿದ್ದ ಬುಕ್ 5, ಅದಕ್ಕೆ ಮೂರು ಮೀಟಿಂಗ್, ಆಮೇಲೆ ಪಾಲಿಟಿಕ್ಸ್ ಬುಕ್ 1. ಹೊಸಬರನ್ನ ಸೇರಿಸ್ಕೊಳ್ಳೋಕೂ ಇದೇ ಸರಿಯಾದ ಟೈಮು, ಯೂಥಿಫ್ರೋನ ಮಾತ್ರ ಅವರ ಜೊತೆ ಇನ್ನೊಮ್ಮೆ ಓದ್ಕೊಳ್ಳಿ.